ಜಾರ್ಜ್ ಆರ್ವೆಲ್ ಮತ್ತು ನಾಲ್ಕೇ ಅಕ್ಷರ ಕಲಿತ ಕುದುರೆ

ಪ್ರೀತಿಯ ಮಕ್ಕಳೇ, ಮತ್ತು ಪ್ರತಿ ಶನಿವಾರ ಬೆಳಿಗ್ಗೆ ಅವರನ್ನು ಎಬ್ಬಿಸಿ ಕನ್ನಡ ಶಾಲೆಗೆ ಕರೆದುಕೊಂಡು ಬರುವ ಅಪ್ಪ-ಅಮ್ಮಂದಿರೇ,

ಈ ಸಲದ ಪತ್ರಿಕೆಗೆ ಒಬ್ಬ ದೊಡ್ಡವರ ಜೀವನದ ಬಗ್ಗೆ ಬರೆದುಕೊಡಿ ಅಂತ ನಮ್ಮ ಟೀಚರ್ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ಸರ್ ಎಂ. ವಿಶ್ವೇಶ್ವರಯ್ಯನವರು. ನಾನು ಎಂಜಿನಿಯರಿಂಗ್ ಓದಿದವನು, ಸಾಫ್ಟ್‌ವೇರ್ ಕೆಲಸ ಮಾಡುವವನು. ಬೇರೆ ಹೆಸರು ಎಲ್ಲಿ ಹೊಳೆಯುತ್ತೆ ಹೇಳಿ? ಆದರೆ ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಅದರಿಂದ ನನ್ನ ವಿಷಯವೇ ಬದಲಾಗಿಹೋಯಿತು.

ನನ್ನ ಮಗಳು ಇಯರ್ 9ರಲ್ಲಿ ಓದುತ್ತಿದ್ದಾಳೆ. ಅವಳ ಇಂಗ್ಲಿಷ್ ಕ್ಲಾಸಿನಲ್ಲಿ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಅನ್ನುವ ಸಣ್ಣ ಕಾದಂಬರಿ ಪಾಠಕ್ಕಿದೆ. ಅದರಲ್ಲಿ ಬರುವ ಪ್ರಾಣಿಗಳು ಯಾವ ಯಾವುದರ ಸಂಕೇತ ಅಂತ ಅವಳು ಕ್ಲಾಸಿನ ಮುಂದೆ ಐದು ನಿಮಿಷ ಮಾತಾಡಬೇಕಿತ್ತು. ನಾನು ಸಹಾಯ ಮಾಡುತ್ತೀನಿ ಅಂತ ಕೂತೆ. ಎರಡು ಕಾಲಮ್ಮಿನ ಒಂದು ಟೇಬಲ್ ಮಾಡಿಕೊಟ್ಟೆ. ಎಡಗಡೆ ಪ್ರಾಣಿ, ಬಲಗಡೆ ಅರ್ಥ. ನೆಪೋಲಿಯನ್ ಅನ್ನುವ ಹಂದಿ ಅಂದರೆ ಸ್ಟಾಲಿನ್, ಬಾಕ್ಸರ್ ಅನ್ನುವ ಕುದುರೆ ಅಂದರೆ ಕೂಲಿ ಕಾರ್ಮಿಕರು, ಹೀಗೆ. ಕೆಲಸ ಮುಗೀತು ಅಂದುಕೊಂಡೆ.

ಮಗಳು ಅದನ್ನು ಟೀಚರ್‌ಗೆ ಮೊದಲೇ ತೋರಿಸಿದಳು. ಟೇಬಲ್ ಚೆನ್ನಾಗಿದೆ, ಆದರೆ ಕಾರ್ಮಿಕರಿಗೆ ಕುದುರೆಯೇ ಯಾಕೆ, ನಾಯಿ ಯಾಕಾಗಬಾರದಿತ್ತು ಅಂತ ಅವರು ಕೇಳಿದರಂತೆ. ಅವಳು ಮನೆಗೆ ಬಂದು ಅದೇ ಪ್ರಶ್ನೆ ನನಗೆ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಭಾನುವಾರ ತುಮಕೂರಿನಲ್ಲಿರುವ ನನ್ನ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿದಾಗ ಮಗಳು ಅಜ್ಜಿಗೂ ಕಥೆ ಹೇಳಿದಳು. ಅಮ್ಮ ಚಿಕ್ಕಂದಿನಲ್ಲಿ ಹಸು, ಎಮ್ಮೆ, ಕೋಳಿ ಎಲ್ಲ ನೋಡಿಕೊಂಡು ಬೆಳೆದವರು. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು. ಬರೆದವರು ಯಾವಾಗಲಾದರೂ ದನ-ಕುರಿ ಸಾಕಿದ್ದರಾ ಅಂತ.

ಅದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೋದಾಗ ಸಿಕ್ಕ ಕಥೆಯೇ ಇದು. ಬನ್ನಿ, ಹೇಳ್ತೀನಿ.

ಬಿಹಾರದಲ್ಲಿ ಹುಟ್ಟಿದ ಹುಡುಗ

ಜಾರ್ಜ್ ಆರ್ವೆಲ್ ಅವರ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಅವರು ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಭಾರತದಲ್ಲೇ! 1903ರ ಜೂನ್ 25ರಂದು, ಈಗಿನ ಬಿಹಾರ ರಾಜ್ಯದ ಮೋತಿಹಾರಿ ಎಂಬ ಊರಿನಲ್ಲಿ. ತಂದೆ ರಿಚರ್ಡ್ ಬ್ಲೇರ್ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿ. ಆಗ ಅಲ್ಲಿನ ರೈತರಿಂದ ಸರ್ಕಾರವೇ ಅಫೀಮು ಬೆಳೆಸಿ ಚೀನಾಕ್ಕೆ ಮಾರುತ್ತಿತ್ತು. ತಾಯಿ ಐಡಾ ಬೆಳೆದದ್ದು ಬರ್ಮಾದ ಮೌಲ್ಮೇನ್‌ನಲ್ಲಿ. ಎರಿಕ್ ಒಂದು ವರ್ಷದ ಮಗುವಾಗಿದ್ದಾಗ ತಾಯಿ ಅವನನ್ನೂ ಅವನ ಅಕ್ಕನನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಬಂದು ನೆಲೆಸಿದರು. ತಂದೆ ಮಾತ್ರ ಕೆಲಸಕ್ಕಾಗಿ ಅಲ್ಲೇ ಉಳಿದರು. ಅಪ್ಪ ಒಂದು ದೇಶ, ಮಕ್ಕಳು ಒಂದು ದೇಶ. ನಮ್ಮಲ್ಲಿ ಕೆಲವರಿಗೆ ಇದರ ಅನುಭವ ಇದೆ, ಅಲ್ವಾ?

ಎರಿಕ್ ಓದಿನಲ್ಲಿ ಜಾಣ. ವಿದ್ಯಾರ್ಥಿವೇತನ ಗೆದ್ದು ಈಟನ್ ಎಂಬ ಹೆಸರಾಂತ ಶಾಲೆಗೆ ಸೇರಿದ. ಆದರೆ ಆ ಶಾಲೆಯ ಎಷ್ಟೋ ಹುಡುಗರ ಹಾಗೆ ಮುಂದೆ ಆಕ್ಸ್‌ಫರ್ಡಿಗೋ ಕೇಂಬ್ರಿಜ್ಜಿಗೋ ಹೋಗಲಿಲ್ಲ. 1922ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಹಡಗು ಹತ್ತಿ ಬರ್ಮಾಕ್ಕೆ ಪೊಲೀಸ್ ಅಧಿಕಾರಿಯಾಗಿ ಹೋದ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ್ದೇ ಒಂದು ಭಾಗ.

ಬರ್ಮಾದ ಆನೆ

ಬರ್ಮಾದಲ್ಲಿ ಆರ್ವೆಲ್ ಐದು ವರ್ಷ ಇದ್ದರು. ಆ ದಿನಗಳ ನೆನಪಿನಲ್ಲಿ 1936ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ಬರುವುದು ಒಂದು ಆನೆಯ ಕಥೆ.

ಮದ ಬಂದ ಸಾಕಾನೆಯೊಂದು ಸರಪಳಿ ಕಿತ್ತುಕೊಂಡು ಊರಿನೊಳಗೆ ನುಗ್ಗುತ್ತದೆ. ಕೂಲಿಗೆಂದು ಅಲ್ಲಿಗೆ ಹೋಗಿದ್ದ ಒಬ್ಬ ದ್ರಾವಿಡ ಮನುಷ್ಯನನ್ನು ತುಳಿದು ಕೊಲ್ಲುತ್ತದೆ. ಅಂದರೆ ನಮ್ಮ ದಕ್ಷಿಣ ಭಾರತದ ಕಡೆಯ ಒಬ್ಬ ಬಡವ. ಪೊಲೀಸ್ ಅಧಿಕಾರಿ ಬಂದೂಕು ತರಿಸಿಕೊಂಡು ಹೋಗುವಷ್ಟರಲ್ಲಿ ಮದ ಇಳಿದು ಆನೆ ತಣ್ಣಗೆ ಹುಲ್ಲು ತಿನ್ನುತ್ತಾ ನಿಂತಿರುತ್ತದೆ. ಅದನ್ನು ಕೊಲ್ಲುವ ಅಗತ್ಯವೇ ಇಲ್ಲ. ಆದರೆ ಹಿಂದೆ ತಿರುಗಿ ನೋಡಿದರೆ ಎರಡು ಸಾವಿರ ಜನ ಸೇರಿದ್ದಾರೆ! ಸಾಹೇಬ ಗುಂಡು ಹೊಡೆಯುತ್ತಾನೆ ಅಂತ ಕಾಯುತ್ತಿದ್ದಾರೆ. ಹೊಡೆಯದಿದ್ದರೆ ನಗುತ್ತಾರೆ. ಆ ನಗುವಿಗೆ ಹೆದರಿ ಅವರು ಆನೆಯನ್ನು ಕೊಲ್ಲುತ್ತಾರೆ.

ಆಳುವವನು ಬೇರೆಯವರ ಸ್ವಾತಂತ್ರ್ಯ ಕಿತ್ತುಕೊಂಡರೆ ಅವನ ಸ್ವಾತಂತ್ರ್ಯವೂ ಹೋಗುತ್ತದೆ ಅನ್ನುವುದು ಆ ಪ್ರಬಂಧದ ಸಾರ. ನೋಡಿ, ಅನಿಮಲ್ ಫಾರ್ಮ್ ಬರೆಯುವ ಎಷ್ಟೋ ವರ್ಷ ಮೊದಲೇ ಆರ್ವೆಲ್ ಒಂದು ಪ್ರಾಣಿಯ ಮೂಲಕ ದೊಡ್ಡ ಮಾತು ಹೇಳಿದ್ದರು. ಹಾಗಂತ ಆ ಆನೆ ಬರೀ ಸಂಕೇತ ಅಲ್ಲ. ಅದಕ್ಕೆ ಚರ್ಮವಿದೆ, ಉಸಿರಿದೆ, ನೋವಿದೆ. ಅದು ನಿಧಾನವಾಗಿ ಸಾಯುವುದನ್ನು ಓದುವಾಗ ಹೊಟ್ಟೆ ಕಿವಿಚಿದ ಹಾಗಾಗುತ್ತದೆ.

1927ರಲ್ಲಿ ಅವರು ರಜೆಗೆಂದು ಇಂಗ್ಲೆಂಡಿಗೆ ಬಂದವರು ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟರು. ಒಳ್ಳೆ ಸಂಬಳದ ಸರ್ಕಾರಿ ಕೆಲಸ! ಮನೆಯವರಿಗೆ ಎಷ್ಟು ಬೇಜಾರಾಗಿರಬೇಡ? ಮುಂದೆ ಪ್ಯಾರಿಸ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದರು. ಲಂಡನ್ನಿನಲ್ಲಿ ಮನೆಯಿಲ್ಲದವರ ಜೊತೆ ಬೀದಿ ಅಲೆದರು. ಅದನ್ನೆಲ್ಲ 1933ರಲ್ಲಿ ಮೊದಲ ಪುಸ್ತಕವಾಗಿ ಬರೆದಾಗ, ಮನೆಯವರಿಗೆ ಮುಜುಗರ ಆಗಬಾರದು ಅಂತ ಬೇರೆ ಹೆಸರು ಇಟ್ಟುಕೊಂಡರು. ಆರ್ವೆಲ್ ಅನ್ನುವುದು ಇಲ್ಲಿನ ಸಫೊಕ್ ಕಡೆಯ ಒಂದು ನದಿಯ ಹೆಸರು. ನಮ್ಮ ಕವಿಗಳ ಕಾವ್ಯನಾಮದ ಹಾಗೇ ಇದೂ.

ಮ್ಯೂರಿಯಲ್ ಎಂಬ ಮೇಕೆ

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಆರ್ವೆಲ್ ಪ್ರಾಣಿ ಸಾಕಿದ್ದರಾ? ಸಾಕಿದ್ದರು!

1936ರಲ್ಲಿ ಅವರು ಹಾರ್ಟ್‌ಫರ್ಡ್‌ಶೈರಿನ ವಾಲಿಂಗ್ಟನ್ ಎಂಬ ಪುಟ್ಟ ಹಳ್ಳಿಗೆ ಬಂದು, ತಗಡಿನ ಮಾಡಿನ ಒಂದು ಹಳೇ ಮನೆಯಲ್ಲಿ ಬಾಡಿಗೆಗೆ ಇದ್ದರು. ಕರೆಂಟ್ ಇರಲಿಲ್ಲ. ಆ ಮನೆ ಮೊದಲು ಊರಿನ ಅಂಗಡಿಯಾಗಿತ್ತು. ಆರ್ವೆಲ್ ಆ ಅಂಗಡಿಯನ್ನು ಮತ್ತೆ ತೆರೆದು ದಿನಸಿ ಸಾಮಾನು, ಮಕ್ಕಳಿಗೆ ಮಿಠಾಯಿ ಮಾರುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ ಐಲೀನ್ ಎಂಬುವರನ್ನು ಮದುವೆಯಾದರು. ಐಲೀನ್ ಆಕ್ಸ್‌ಫರ್ಡಿನಲ್ಲಿ ಓದಿದವರು. ಇಬ್ಬರೂ ಸೇರಿ ತರಕಾರಿ ಬೆಳೆದರು, ಕೋಳಿ ಸಾಕಿದರು, ಮೇಕೆ ಸಾಕಿದರು. ಆ ಮೇಕೆಯ ಹೆಸರು ಮ್ಯೂರಿಯಲ್. ಹುಂಜನ ಹೆಸರು ಹೆನ್ರಿ ಫೋರ್ಡ್. ನಾಯಿಯ ಹೆಸರು ಮಾರ್ಕ್ಸ್!

ಮಕ್ಕಳೇ, ಅನಿಮಲ್ ಫಾರ್ಮ್ ಓದಿದವರು ಈಗ ಕೈ ಎತ್ತಿ. ಅದರಲ್ಲಿ ಬರುವ ಮೇಕೆಯ ಹೆಸರೇನು? ಹೌದು, ಮ್ಯೂರಿಯಲ್. ವಾಲಿಂಗ್ಟನ್ನಿನಲ್ಲಿ ಇದ್ದ ಒಂದು ದೊಡ್ಡ ಜಮೀನಿನ ಹೆಸರು ಮ್ಯಾನರ್ ಫಾರ್ಮ್. ಕಾದಂಬರಿಯಲ್ಲಿ ಜೋನ್ಸ್ ಎಂಬ ಯಜಮಾನನ ಫಾರ್ಮಿನ ಹೆಸರೂ ಅದೇ. ಅಂದರೆ ಆರ್ವೆಲ್ ಮೊದಲು ನಿಜವಾದ ಮೇಕೆಗೆ ಹುಲ್ಲು ಹಾಕಿ, ಹಾಲು ಕರೆದು, ಆಮೇಲೆ ಕಥೆಯ ಮೇಕೆಯನ್ನು ಮಾಡಿದ್ದು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, ಹಾಗಾದರೆ ಅವರು ಬರೆದಿರೋದು ಸರಿಯಾಗೇ ಇರುತ್ತೆ ಬಿಡು ಅಂದರು.

ಗಂಟಲಿಗೆ ಬಿದ್ದ ಗುಂಡು

ಮದುವೆಯಾಗಿ ಸುಮಾರು ಆರು ತಿಂಗಳಿಗೆ, 1936ರ ಡಿಸೆಂಬರಿನಲ್ಲಿ, ಆರ್ವೆಲ್ ಸ್ಪೇನ್ ದೇಶಕ್ಕೆ ಹೊರಟರು. ಅಲ್ಲಿ ಜನರು ಆರಿಸಿದ ಸರ್ಕಾರದ ವಿರುದ್ಧ ಸೇನಾಧಿಕಾರಿ ಫ್ರಾಂಕೋ ಕಡೆಯವರು ದಂಗೆ ಎದ್ದಿದ್ದರು. ಸರ್ಕಾರದ ಪರವಾಗಿ ಹೋರಾಡಲು ಬೇರೆ ಬೇರೆ ದೇಶಗಳಿಂದ ಜನ ಹೋದರು. ಆರ್ವೆಲ್ ಕೂಡ ಬಂದೂಕು ಹಿಡಿದರು. 1937ರ ಮೇ 20ರಂದು ಒಂದು ಗುಂಡು ಅವರ ಗಂಟಲನ್ನೇ ತೂರಿಕೊಂಡು ಹೋಯಿತು. ಆರಡಿ ಮೀರಿದ ಎತ್ತರದ ಆಳು, ಕಂದಕದಲ್ಲಿ ತಲೆ ಮರೆಸಿಕೊಳ್ಳೋದು ಕಷ್ಟ ನೋಡಿ! ಪುಣ್ಯಕ್ಕೆ ಬದುಕಿದರು.

ಆದರೆ ಗುಂಡಿಗಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ. ಆರ್ವೆಲ್ ಇದ್ದ ದಳವೂ ಸರ್ಕಾರದ ಪರವೇ, ಸ್ಟಾಲಿನ್ ಮಾತು ಕೇಳುವ ಕಮ್ಯುನಿಸ್ಟರೂ ಸರ್ಕಾರದ ಪರವೇ. ಆದರೂ ಆ ಕಮ್ಯುನಿಸ್ಟರು ಇವರ ದಳದವರನ್ನು ದ್ರೋಹಿಗಳು ಅಂತ ಕರೆದರು. ಜೊತೆಗೆ ಹೋರಾಡಿದ ಗೆಳೆಯರನ್ನು ಜೈಲಿಗೆ ಹಾಕಿದರು. ಆರ್ವೆಲ್ ಮತ್ತು ಐಲೀನ್ ತಪ್ಪಿಸಿಕೊಂಡು ರೈಲಿನಲ್ಲಿ ಫ್ರಾನ್ಸ್ ಸೇರಿದರು. ನಡೆಯದೇ ಇದ್ದ ಯುದ್ಧಗಳು ನಡೆದವು ಅಂತ ಪತ್ರಿಕೆಗಳಲ್ಲಿ ಬಂದದ್ದನ್ನೂ, ನೂರಾರು ಜನ ಸತ್ತ ಕಡೆ ಏನೂ ಆಗಿಲ್ಲ ಎಂಬಂತೆ ಮೌನವಾಗಿದ್ದದ್ದನ್ನೂ ಅವರು ಕಣ್ಣಾರೆ ಕಂಡರು. ಬರೆದದ್ದೇ ಸುಳ್ಳಾದರೆ ನಾಳೆಯ ಮಕ್ಕಳಿಗೆ ನಿಜ ಗೊತ್ತಾಗೋದು ಹೇಗೆ ಅನ್ನುವ ಚಿಂತೆ ಅವರಿಗೆ ಅಂಟಿಕೊಂಡಿತು.

ಈ ಮೋಸವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ, ಬೇರೆ ಭಾಷೆಗೂ ಸುಲಭವಾಗಿ ಹೋಗುವ ಹಾಗೆ ಒಂದು ಕಥೆ ಮಾಡಿ ಹೇಳಬೇಕು ಅಂತ ಅವರಿಗೆ ಆಸೆ. ಆದರೆ ಕಥೆಯೇ ಹೊಳೆಯಲಿಲ್ಲ.

ಒಂದು ದಿನ ಹಳ್ಳಿಯಲ್ಲಿ ಒಂದು ದೃಶ್ಯ ನೋಡಿದರು. ಹತ್ತು ವರ್ಷದ ಒಬ್ಬ ಹುಡುಗ, ಅಂದರೆ ನಿಮ್ಮಷ್ಟೇ ವಯಸ್ಸು, ಕಿರಿದಾದ ದಾರಿಯಲ್ಲಿ ಗಾಡಿ ಎಳೆಯುವ ಭಾರಿ ಕುದುರೆಯೊಂದನ್ನು ಹೊಡೆದುಕೊಂಡು ಹೋಗುತ್ತಿದ್ದ. ಕುದುರೆ ಸ್ವಲ್ಪ ಆಚೆ ಈಚೆ ತಿರುಗಿದರೆ ಚಾವಟಿ ಏಟು. ಆರ್ವೆಲ್‌ಗೆ ತಟ್ಟನೆ ಅನ್ನಿಸಿತು: ಈ ಕುದುರೆಗೆ ತನ್ನ ಬಲ ಎಷ್ಟು ಅಂತ ಗೊತ್ತಾಗಿಬಿಟ್ಟರೆ? ಆ ಹುಡುಗನ ಆಟ ನಡೆಯುತ್ತಾ? ಬಡವರನ್ನು ಬಲ್ಲಿದರು ದುಡಿಸಿಕೊಳ್ಳುವುದೂ ಹೀಗೇ ಅಲ್ವಾ?

ಟೀಚರ್ ಕೇಳಿದ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಇಲ್ಲೇ. ಕುದುರೆಯೇ ಯಾಕೆ ಅಂದರೆ, ಇಡೀ ಕಾದಂಬರಿ ಹುಟ್ಟಿದ್ದೇ ಆ ಕುದುರೆಯಿಂದ. ಮನುಷ್ಯನಿಗಿಂತ ಎಷ್ಟೋ ಪಟ್ಟು ಬಲ ಇದ್ದರೂ ತನ್ನ ಬಲ ತನಗೇ ಗೊತ್ತಿಲ್ಲದ ಪ್ರಾಣಿ ಅದು.

ಫಾರ್ಮಿನ ಶಾಲೆ

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1941ರಿಂದ 1943ರವರೆಗೆ, ಆರ್ವೆಲ್ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ರೇಡಿಯೋ ಕಾರ್ಯಕ್ರಮ ಮಾಡುತ್ತಿದ್ದರು. ಮುಲ್ಕ್ ರಾಜ್ ಆನಂದ್ ಅವರಂತಹ ನಮ್ಮ ಲೇಖಕರೂ ಅದರಲ್ಲಿ ಮಾತಾಡುತ್ತಿದ್ದರು. ಆ ಕೆಲಸ ಬಿಟ್ಟ ತಿಂಗಳಲ್ಲೇ, 1943ರ ನವೆಂಬರಿನಲ್ಲಿ, ಕಾದಂಬರಿ ಶುರುಮಾಡಿ ಫೆಬ್ರವರಿ ಹೊತ್ತಿಗೆ ಮುಗಿಸಿದರು. ಲಂಡನ್ನಿನ ಚಳಿಗೆ ಹೊದ್ದು ಕೂತು, ಆ ದಿನ ಬರೆದದ್ದನ್ನು ರಾತ್ರಿ ಐಲೀನ್‌ಗೆ ಓದಿ ಹೇಳುತ್ತಿದ್ದರು.

ಕಥೆ ಹೀಗೆ. ಜೋನ್ಸ್ ಕುಡುಕ ಯಜಮಾನ. ಮುದಿ ಹಂದಿಯೊಂದು ಒಂದು ರಾತ್ರಿ ಎಲ್ಲ ಪ್ರಾಣಿಗಳನ್ನೂ ಸೇರಿಸಿ, ನಾವು ದುಡಿಯೋದು ಮನುಷ್ಯರು ತಿನ್ನೋದು ಯಾಕೆ ಅಂತ ಕೇಳುತ್ತದೆ. ಆಮೇಲೆ ಪ್ರಾಣಿಗಳೆಲ್ಲ ಎದ್ದು ಜೋನ್ಸ್‌ನನ್ನು ಓಡಿಸಿ ತಾವೇ ಫಾರ್ಮ್ ನಡೆಸುತ್ತವೆ. ಕಣಜದ ಗೋಡೆಯ ಮೇಲೆ ಏಳು ನಿಯಮ ಬರೆಯುತ್ತವೆ. ಎಲ್ಲರೂ ಸಮಾನರು ಅನ್ನುವುದು ಅದರ ತಿರುಳು. ಆದರೆ ಬರಬರುತ್ತಾ ಹಂದಿಗಳೇ ಹೊಸ ಯಜಮಾನರಾಗುತ್ತವೆ. 1917ರಲ್ಲಿ ರಷ್ಯಾದ ಜನ ತಮ್ಮ ರಾಜನನ್ನು ಇಳಿಸಿದ್ದು, ಕೊನೆಗೆ ಸ್ಟಾಲಿನ್ ಎಂಬ ಸರ್ವಾಧಿಕಾರಿಯ ಕೈಗೆ ಸಿಕ್ಕಿದ್ದು ಈ ಕಥೆಯ ಹಿಂದಿರುವ ಇತಿಹಾಸ.

ಪ್ರೆಸೆಂಟೇಶನ್ ಮಾಡುವ ಮಕ್ಕಳಿಗೆ ಈಗ ನಾನು ಕಲಿತದ್ದನ್ನು ಹೇಳ್ತೀನಿ. ಟೇಬಲ್ ಮಾಡಬೇಡಿ ಅಂತಲ್ಲ. ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪ್ರತಿ ಪ್ರಾಣಿಗೂ ಮೂರು ಪ್ರಶ್ನೆ ಕೇಳಿ. ಒಂದು, ಈ ಪ್ರಾಣಿ ನಿಜವಾಗಿಯೂ ಹೇಗಿರುತ್ತದೆ? ಎರಡು, ಕಥೆಯಲ್ಲಿ ಇದು ಏನು ಮಾಡುತ್ತದೆ? ಮೂರು, ಇದನ್ನು ನೋಡಿದರೆ ಯಾರು ನೆನಪಾಗುತ್ತಾರೆ?

ಕೋಳಿಗಳನ್ನೇ ತಗೊಳ್ಳಿ. ಕೋಳಿಗೆ ತನ್ನ ಮೊಟ್ಟೆ ಅಂದರೆ ಪ್ರಾಣ. ಕಥೆಯಲ್ಲಿ ಮೊಟ್ಟೆ ಮಾರಬೇಕು ಅಂತ ನೆಪೋಲಿಯನ್ ಹಂದಿ ಆಜ್ಞೆ ಮಾಡಿದಾಗ ಕೋಳಿಗಳು ತೊಲೆ ಮೇಲೆ ಹಾರಿ ಕೂತು ಅಲ್ಲಿಂದಲೇ ಮೊಟ್ಟೆ ಬೀಳಿಸಿ ಒಡೆಯುತ್ತವೆ. ಅವುಗಳ ಕಾಳು ನಿಲ್ಲಿಸುತ್ತಾರೆ, ಒಂಬತ್ತು ಕೋಳಿ ಸಾಯುತ್ತವೆ. ಯಾರು ನೆನಪಾಗುತ್ತಾರೆ? ಬೆಳೆದ ಧಾನ್ಯ, ಸಾಕಿದ ದನ ಎಲ್ಲವನ್ನೂ ಸರ್ಕಾರಕ್ಕೆ ಕೊಡಲು ಒಪ್ಪದೆ, ಹಸಿವಿನಿಂದ ಸತ್ತ ಸೋವಿಯತ್ ದೇಶದ ರೈತರು. ಮೂರೂ ಪ್ರಶ್ನೆ ಒಂದಕ್ಕೊಂದು ಕೂಡಿಕೊಂಡಾಗಲೇ ಸಂಕೇತಕ್ಕೆ ಜೀವ ಬರೋದು. ಕುರಿಗಳ ಅರ್ಥ ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಹೋದ ಕಡೆ ಎಲ್ಲ ಹೋಗುತ್ತವೆ, ಹೇಳಿಕೊಟ್ಟದ್ದನ್ನೇ ಕೂಗುತ್ತವೆ. ನಮ್ಮಲ್ಲಿ ಕೋಲೆ ಬಸವನ ಹಾಗೆ ತಲೆ ಆಡಿಸೋದು ಅಂತೀವಲ್ಲ, ಅಂಥದ್ದೇ. ಬೆಕ್ಕನ್ನು ನೋಡಿ, ಮತ ಹಾಕುವಾಗ ಎರಡೂ ಕಡೆ ಹಾಕಿಬಿಡುತ್ತದೆ! ಬೆಕ್ಕು ಸಾಕಿದವರಿಗೆ ಇದು ಎಷ್ಟು ನಿಜ ಅಂತ ಗೊತ್ತು.

ಮೋಸ ಶುರುವಾಗುವುದು ಎಲ್ಲಿ? ಯುದ್ಧದಲ್ಲಲ್ಲ, ಕೊಲೆಯಲ್ಲಲ್ಲ. ಮೊದಲ ದಿನದ ಹಾಲು ಮಾಯವಾಗುವುದರಲ್ಲಿ. ಆಮೇಲೆ ಹಣ್ಣಾಗಿ ಬಿದ್ದ ಸೇಬು. ಎರಡನ್ನೂ ಹಂದಿಗಳು ತಮಗೇ ಇಟ್ಟುಕೊಂಡಾಗ ಬೇರೆ ಪ್ರಾಣಿಗಳು ಸುಮ್ಮನಾದವು. ಅಲ್ಲೇ ಕಥೆ ತಿರುಗಿತು ಅಂತ ಆರ್ವೆಲ್ ಅವರೇ ಸ್ನೇಹಿತರಿಗೆ ಬರೆದು ತಿಳಿಸಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಫಾರ್ಮಿನ ಶಾಲೆ. ಹೌದು, ಅಲ್ಲೂ ನಮ್ಮ ಶನಿವಾರದ ಶಾಲೆಯ ಹಾಗೆ ಒಂದು ಶಾಲೆ ಇದೆ! ಜೋನ್ಸ್‌ನ ಮಕ್ಕಳು ಕಸದ ಗುಂಡಿಗೆ ಎಸೆದ ಹಳೇ ಪುಸ್ತಕ ನೋಡಿ ಹಂದಿಗಳು ಓದು ಕಲಿತಿರುತ್ತವೆ. ಆಮೇಲೆ ಎಲ್ಲರಿಗೂ ತರಗತಿ. ಮೇಕೆ ಮ್ಯೂರಿಯಲ್ ಚೆನ್ನಾಗಿ ಓದುತ್ತಾಳೆ, ಸಂಜೆ ಹೊತ್ತು ಹರಿದ ಪೇಪರ್ ಚೂರು ಓದಿ ಉಳಿದವರಿಗೆ ಹೇಳುತ್ತಾಳೆ. ಕ್ಲೋವರ್ ಎಂಬ ಹೆಣ್ಣು ಕುದುರೆಗೆ ಎಲ್ಲ ಅಕ್ಷರ ಬರುತ್ತೆ, ಕೂಡಿಸಿ ಓದಲು ಬರೋದಿಲ್ಲ. ರಿಬ್ಬನ್ ಆಸೆಯ ಮೋಲಿ ತನ್ನ ಹೆಸರಿನ ಅಕ್ಷರ ಮಾತ್ರ ಕಲಿಯುತ್ತಾಳೆ. ಕುರಿ, ಕೋಳಿ, ಬಾತು ಮೊದಲ ಅಕ್ಷರ ದಾಟಲಿಲ್ಲ. ಬಾಕ್ಸರ್? ಎಲ್ಲರಿಗಿಂತ ಹೆಚ್ಚು ದುಡಿಯುವ ಬಾಕ್ಸರ್ ನಾಲ್ಕು ಅಕ್ಷರ ಕಲಿತ. ಗೊರಸಿನಿಂದ ಮಣ್ಣಿನಲ್ಲಿ ಎ ಬಿ ಸಿ ಡಿ ಗೀಚಿ, ಮುಂದೇನು ಅಂತ ಕಿವಿ ಹಿಂದೆ ಮಾಡಿ ನಿಂತುಬಿಡುತ್ತಾನೆ. ಐದನೆಯದು ಕಲಿತರೆ ಮೊದಲನೆಯದು ಮರೆತುಹೋಗುತ್ತೆ.

ಮಕ್ಕಳೇ, ಇದನ್ನು ಓದಿ ನಗಬೇಡಿ. ಮುಂದೆ ಆಗುವುದೆಲ್ಲ ಇದರಿಂದಲೇ. ರಾತ್ರಿ ಹೊತ್ತು ಹಂದಿಗಳು ಗೋಡೆಯ ಮೇಲಿನ ನಿಯಮಕ್ಕೆ ಒಂದೆರಡು ಮಾತು ಸೇರಿಸುತ್ತವೆ. ಹಂದಿಗಳು ಮಂಚದಲ್ಲಿ ಮಲಗಿದ ಮೇಲೆ ಮಂಚದ ನಿಯಮಕ್ಕೆ ಬಾಲ ಬರುತ್ತದೆ, ಹೆಂಡ ಕುಡಿದ ಮೇಲೆ ಹೆಂಡದ ನಿಯಮಕ್ಕೆ. ಕ್ಲೋವರ್‌ಗೆ ಅನುಮಾನ, ಮೊದಲು ಹೀಗಿರಲಿಲ್ಲವಲ್ಲ ಅಂತ. ಆದರೆ ಓದಲು ಬಾರದವರು ವಾದ ಮಾಡೋದು ಹೇಗೆ? ಗೋಡೆಯೇ ಹಾಗೆ ಹೇಳುತ್ತಿದೆಯಲ್ಲ!

ಓದದ ಕತ್ತೆ

ಆ ಫಾರ್ಮಿನಲ್ಲಿ ಬೆಂಜಮಿನ್ ಎಂಬ ಕತ್ತೆ ಇದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತೀವಿ. ಈ ಕತ್ತೆಗೆ ಎಲ್ಲ ಗೊತ್ತು! ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತೆ. ಆದರೆ ಓದುವುದಿಲ್ಲ. ಓದುವಂಥದ್ದು ಏನೂ ಇಲ್ಲ ಅನ್ನುವುದು ಅದರ ಅಭಿಪ್ರಾಯ. ಗೋಡೆಯ ಕೆಳಗೆ ಏಣಿ ಮುರಿದು, ಬಣ್ಣದ ಡಬ್ಬಿ ಚೆಲ್ಲಿ, ಒಂದು ಹಂದಿ ಬಿದ್ದಿದ್ದನ್ನು ಎಲ್ಲರೂ ನೋಡುತ್ತಾರೆ. ಅರ್ಥವಾಗುವುದು ಕತ್ತೆಗೆ ಮಾತ್ರ. ಅದು ಬಾಯಿ ಬಿಡುವುದಿಲ್ಲ.

ಬಾಕ್ಸರ್ ಬೆಂಜಮಿನ್‌ನ ಪ್ರಾಣಸ್ನೇಹಿತ. ದುಡಿದು ದುಡಿದು ಒಂದು ದಿನ ಬಾಕ್ಸರ್ ಕುಸಿದು ಬೀಳುತ್ತಾನೆ. ಆಸ್ಪತ್ರೆಗೆ ಕಳಿಸುತ್ತೇವೆ ಅಂತ ಹಂದಿಗಳು ಹೇಳುತ್ತವೆ. ವ್ಯಾನು ಬರುತ್ತದೆ. ಎಲ್ಲ ಪ್ರಾಣಿಗಳೂ ಸುತ್ತ ನಿಂತು, ಹೋಗಿ ಬಾ ಅಂತ ಬೀಳ್ಕೊಡುತ್ತವೆ. ಆಗ ಬೆಂಜಮಿನ್ ಹುಚ್ಚನ ಹಾಗೆ ಕೂಗುತ್ತಾ, ವ್ಯಾನಿನ ಮೇಲೆ ಬರೆದದ್ದನ್ನು ಜೋರಾಗಿ ಓದುತ್ತಾನೆ. ಅದು ಆಸ್ಪತ್ರೆಯದ್ದಲ್ಲ. ಮುದಿ ಕುದುರೆಗಳನ್ನು ಕೊಂಡು ಕೊಲ್ಲುವವನ ವ್ಯಾನು. ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿದೆ. ಬಾಕ್ಸರ್ ಒಳಗಿಂದ ಒದೆಯುತ್ತಾನೆ. ಒಂದು ಕಾಲದಲ್ಲಿ ಎರಡು ಒದೆತಕ್ಕೆ ಪುಡಿಯಾಗುತ್ತಿದ್ದ ಬಾಗಿಲು ಅದು. ಈಗ ಬಲವಿಲ್ಲ. ವ್ಯಾನು ಹೋಗಿಬಿಡುತ್ತದೆ.

ನಾನು ಇದನ್ನು ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ. ಆಗ ಬಾಕ್ಸರ್‌ಗಾಗಿ ಬೇಜಾರಾಗಿತ್ತು. ಈ ಸಲ ಓದಿದಾಗ ಕಣ್ಣು ಹೋದದ್ದು ಕತ್ತೆಯ ಕಡೆಗೆ. ಅದರ ಬಗ್ಗೆ ಕೊನೆಗೆ ಹೇಳ್ತೀನಿ.

ಪುಸ್ತಕ ಹೊರಬಂದದ್ದು

ಬರೆದಾಯಿತು, ಅಚ್ಚು ಮಾಡುವವರಿಲ್ಲ! ಆಗ ಹಿಟ್ಲರನ ವಿರುದ್ಧದ ಯುದ್ಧದಲ್ಲಿ ಸ್ಟಾಲಿನ್ ಬ್ರಿಟನ್ನಿನ ಜೊತೆಗಾರ. ಅವನನ್ನು ಹಂದಿ ಮಾಡಿದ ಪುಸ್ತಕ ಯಾರು ತರುತ್ತಾರೆ? ಒಬ್ಬ ಪ್ರಕಾಶಕರು ಒಪ್ಪಿ, ಸರ್ಕಾರಿ ಅಧಿಕಾರಿಯೊಬ್ಬರ ಸಲಹೆ ಕೇಳಿ ಹಿಂದೆ ಸರಿದರು. ಹಂದಿಯ ಬದಲು ಬೇರೆ ಪ್ರಾಣಿ ಇದ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ ಅಂತಲೂ ಬರೆದರು. ದೊಡ್ಡ ಕವಿ ಟಿ.ಎಸ್. ಎಲಿಯಟ್ ಇನ್ನೊಂದು ಪ್ರಕಾಶನದಲ್ಲಿದ್ದರು, ಅವರೂ ಬೇಡ ಅಂದರು. ಅಮೆರಿಕದ ಒಂದು ಕಂಪನಿ, ಪ್ರಾಣಿಕಥೆಗಳು ಇಲ್ಲಿ ಖರ್ಚಾಗುವುದಿಲ್ಲ ಅಂತ ವಾಪಸ್ ಕಳಿಸಿತು!

1944ರ ಜೂನ್‌ನಲ್ಲಿ ಜರ್ಮನಿಯ ಹಾರುವ ಬಾಂಬು ಬಿದ್ದು ಅವರು ಲಂಡನ್ನಿನಲ್ಲಿದ್ದ ಮನೆಯೇ ಹಾಳಾಯಿತು. ಆ ಹೊತ್ತಿಗೆ ಅವರು ಒಂದು ಗಂಡುಮಗುವನ್ನು ದತ್ತು ತೆಗೆದುಕೊಂಡಿದ್ದರು. ದೇವರ ದಯೆ, ಮನೆಯವರಿಗೆ ಏನೂ ಆಗಲಿಲ್ಲ. ಮುದುಡಿದ ಹಸ್ತಪ್ರತಿಯೂ ಅವಶೇಷದಡಿಯಿಂದ ಸಿಕ್ಕಿತು.

ಕೊನೆಗೆ ಸೆಕರ್ ಅಂಡ್ ವಾರ್ಬರ್ಗ್ ಎಂಬ ಪ್ರಕಾಶನ ಒಪ್ಪಿತು. ಅಚ್ಚಿಗೆ ಹೋಗುವ ಮೊದಲು ಆರ್ವೆಲ್ ಒಂದು ಸಣ್ಣ ತಿದ್ದುಪಡಿ ಕಳಿಸಿದರು. ಶತ್ರುಗಳು ಗಾಳಿಯಂತ್ರವನ್ನು ಸಿಡಿಸಿದಾಗ ನೆಪೋಲಿಯನ್ ಸಹಿತ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದು ಅಡಗಿದವು ಅಂತ ಬರೆದಿದ್ದರು. ಅದನ್ನು ನೆಪೋಲಿಯನ್ ಬಿಟ್ಟು ಉಳಿದ ಎಲ್ಲ ಅಂತ ಬದಲಿಸಿದರು. ಯಾಕೆ ಗೊತ್ತಾ? ಜರ್ಮನ್ ಸೈನ್ಯ ಹತ್ತಿರ ಬಂದಾಗ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಿಹೋಗಲಿಲ್ಲ. ತಾನು ಒಪ್ಪದ ಮನುಷ್ಯನ ಬಗ್ಗೆಯೂ ಸುಳ್ಳು ಬರೆಯಬಾರದು ಅನ್ನುವುದು ಆರ್ವೆಲ್ ಅವರ ನಿಯಮ. ನಾವು ಕೋಡ್‌ನಲ್ಲಿ ಒಂದೇ ಸಾಲಿನ ಬಗ್ ಸರಿಮಾಡಲು ಎಷ್ಟು ಸೋಮಾರಿತನ ಮಾಡುತ್ತೀವಿ! ನನಗೆ ಈ ಒಂದು ತಿದ್ದುಪಡಿಯಿಂದ ಅವರ ಮೇಲೆ ಗೌರವ ಎರಡರಷ್ಟಾಯಿತು.

ಆದರೆ ರಾತ್ರಿ ರಾತ್ರಿ ಆ ಕಥೆ ಕೇಳಿದ ಐಲೀನ್ ಪುಸ್ತಕವನ್ನು ನೋಡಲಿಲ್ಲ. 1945ರ ಮಾರ್ಚ್ 29ರಂದು ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ತೀರಿಕೊಂಡರು. ಪುಸ್ತಕ ಬಂದದ್ದು ಆಗಸ್ಟ್ 17ಕ್ಕೆ. ಮೊದಲ ಮುದ್ರಣ 4,500 ಪ್ರತಿ. ಬೇಗನೆ ಮುಗಿದುಹೋಯಿತು.

1947ರಲ್ಲಿ ಯುದ್ಧದಿಂದ ಮನೆಮಠ ಬಿಟ್ಟು ಜರ್ಮನಿಯ ಶಿಬಿರಗಳಲ್ಲಿದ್ದ ಉಕ್ರೇನಿನ ಜನರಿಗಾಗಿ ಈ ಪುಸ್ತಕ ಉಕ್ರೇನಿಯನ್ ಭಾಷೆಗೆ ಬಂತು. ಆರ್ವೆಲ್ ಒಂದು ಪೈಸೆ ತೆಗೆದುಕೊಳ್ಳದೆ, ಅವರಿಗೆಂದೇ ಮುನ್ನುಡಿ ಬರೆದುಕೊಟ್ಟರು. ಆ ಹುಡುಗ ಮತ್ತು ಕುದುರೆಯ ಕಥೆ ನಮಗೆ ಗೊತ್ತಾಗಿರುವುದು ಆ ಮುನ್ನುಡಿಯಿಂದಲೇ. ಸ್ವಂತ ಊರಿನಿಂದ ದೂರ ಇದ್ದ ಜನ, ತಮ್ಮ ಭಾಷೆಯ ಅಕ್ಷರಗಳಲ್ಲಿ ತಮ್ಮದೇ ಕಥೆ ಓದಿದರು.

ಆಮೇಲೆ ಆರ್ವೆಲ್ ಮಗನನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಜೂರಾ ದ್ವೀಪಕ್ಕೆ ಹೋಗಿ ಕ್ಷಯರೋಗದ ನಡುವೆಯೇ ‘ನೈನ್ಟೀನ್ ಎಯ್ಟಿ-ಫೋರ್’ ಬರೆದರು. ಅದು 1949ರಲ್ಲಿ ಬಂತು. 1950ರ ಜನವರಿ 21ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಈಗ ನನಗೂ ಹೆಚ್ಚು ಕಡಿಮೆ ಅಷ್ಟೇ. ಸಟನ್ ಕೋರ್ಟ್ನಿ ಎಂಬ ಹಳ್ಳಿಯಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಎರಿಕ್ ಆರ್ಥರ್ ಬ್ಲೇರ್ ಅಂತ ಮಾತ್ರ ಇದೆ. ಲೋಕಕ್ಕೆಲ್ಲ ಗೊತ್ತಿರುವ ಹೆಸರು ಅಲ್ಲಿಲ್ಲ.

ನಾವೆಲ್ಲ ಎಷ್ಟನೇ ಅಕ್ಷರದಲ್ಲಿದ್ದೀವಿ?

ಮಗಳ ಪ್ರೆಸೆಂಟೇಶನ್ ಆಯಿತು. ನಾನು ಮಾಡಿದ ಟೇಬಲ್ ಮೊದಲ ಸ್ಲೈಡಿನಲ್ಲಿ ಚಿಕ್ಕದಾಗಿ ಉಳಿಯಿತು. ಉಳಿದ ಹೊತ್ತೆಲ್ಲ ಅವಳು ಹುಡುಗ ಮತ್ತು ಕುದುರೆ, ಮ್ಯೂರಿಯಲ್ ಮೇಕೆ, ಬಾಕ್ಸರ್‌ನ ನಾಲ್ಕು ಅಕ್ಷರ, ಇವುಗಳ ಬಗ್ಗೆ ಮಾತಾಡಿದಳು. ಅಜ್ಜಿ ಕೇಳಿದ ಪ್ರಶ್ನೆಯನ್ನೂ ಹೇಳಿದಳಂತೆ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳು ನನಗೊಂದು ಪ್ರಶ್ನೆ ಕೇಳಿದಳು. ಅಪ್ಪಾ, ನಮ್ಮ ಮನೇಲಿ ಬೆಂಜಮಿನ್ ಯಾರು ಅಂತ. ನಾನು ತಮಾಷೆಗೆ ನಿಮ್ಮಮ್ಮ ಅಂದೆ. ಅವಳು ನಗಲಿಲ್ಲ. ಪುಸ್ತಕದ ಕಪಾಟಿನ ಕಡೆ ಕೈ ತೋರಿಸಿದಳು. ಅಲ್ಲಿ ಬೆಂಗಳೂರಿಂದ ಪ್ರತಿ ಸಲ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದ ಕನ್ನಡ ಕಾದಂಬರಿಗಳು ಸಾಲಾಗಿ ನಿಂತಿವೆ. ನಾನು ಅವುಗಳಲ್ಲಿ ಒಂದನ್ನೂ ತೆರೆದಿಲ್ಲ. ಓದಲು ಚೆನ್ನಾಗಿ ಬರುತ್ತೆ. ಓದುವುದಿಲ್ಲ. ಪ್ರತಿ ಶನಿವಾರ ಮಾತ್ರ ಮಗಳಿಗೆ ಕನ್ನಡ ಓದು ಓದು ಅಂತ ಹೇಳುತ್ತೀನಿ. ಟೇಬಲ್ಲಿನಲ್ಲಿ ಬೆಂಜಮಿನ್‌ನ ಎದುರು ನಾನು ಏನೇನೋ ಬರೆದಿದ್ದೆ. ನನ್ನ ಹೆಸರು ಬರೆದಿರಲಿಲ್ಲ.

ಆದ್ದರಿಂದ ಮಕ್ಕಳೇ, ಮೂರು ಪ್ರಶ್ನೆಯ ಜೊತೆ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಿ: ಈ ಪ್ರಾಣಿಗಳಲ್ಲಿ ನಾನು ಯಾರು?

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕನ್ನಡ ಓದು. ಒಂದು ಪುಟ ನಾನು, ಒಂದು ಪ್ಯಾರಾ ಅವಳು. ಎಷ್ಟೋ ದಿನ ತಪ್ಪಿಹೋಗಿದೆ, ಸುಳ್ಳು ಹೇಳಲ್ಲ. ಅವಳು ಒತ್ತಕ್ಷರ ಬಂದ ಕಡೆ ಬಾಕ್ಸರ್ ಹಾಗೆ ನಿಂತುಬಿಡುತ್ತಾಳೆ. ಆಗ ನಾನು ಹೇಳಿಕೊಡುತ್ತೀನಿ. ಮುಂದಕ್ಕೆ ಹೋಗುತ್ತೀವಿ.

ನಿಮ್ಮಲ್ಲಿ ಕೆಲವರು ಅ ಆ ಇ ಈ ಹತ್ತಿರ ಇದ್ದೀರಿ. ಕೆಲವರು ಕಾಗುಣಿತದಲ್ಲಿ. ಎಲ್ಲಿದ್ದರೂ ಪರವಾಗಿಲ್ಲ, ನಾಲ್ಕನೇ ಅಕ್ಷರಕ್ಕೆ ನಿಲ್ಲಿಸಬೇಡಿ ಅಷ್ಟೇ. ಅಪ್ಪ-ಅಮ್ಮಂದಿರೇ, ನಿಮ್ಮ ಮನೆಯ ಕಪಾಟನ್ನೂ ಒಂದು ಸಲ ನೋಡಿಕೊಳ್ಳಿ. ವ್ಯಾನು ಬಂದ ಮೇಲೆ ಓಡಿಬಂದು ಓದಿದರೆ ಪ್ರಯೋಜನ ಇಲ್ಲ.

ಮುಂದಿನ ವರ್ಷ ವಿಶ್ವೇಶ್ವರಯ್ಯನವರ ಬಗ್ಗೆ ಖಂಡಿತ ಬರೀತೀನಿ.